ಚಿಗರಿಯ ಪರವಾಗಿ ಮಾತಾಡಿದ ಗೊರವಂಕ

೧೯೭೪ನೇ ಇಸವಿ ಡಿಸೆಂಬರ್ ೮, ಭಾನುವಾರ. ನನ್ನ ಹಳೆಯ ದಿನಚರಿಯಲ್ಲಿ ಆ ದಿನದ ಪುಟ ಹೀಗಿದೆ: "ಕಾಲೇಜುಗಳ ಕ್ರೀಡಾಕೂಟ ಇಂದು ಮುಗಿಯಿತು. ಎಂಟುನೂರು ಮೀಟರ್ ಓಟ ಗೆದ್ದ ಹುಡುಗಿಯನ್ನು ಪತ್ರಿಕೆಯವರು ಸುತ್ತುವರಿದು ಪ್ರಶ್ನೆ ಕೇಳಿದರು. ಅವಳಿಗೆ ಇನ್ನೂ ಉಸಿರು ತಿರುಗಿರಲಿಲ್ಲ. ಪಕ್ಕದಲ್ಲಿದ್ದವರೊಬ್ಬರು ಅವಳ ಪರವಾಗಿ ಉತ್ತರ ಕೊಟ್ಟರು. ಎಷ್ಟು ಚೆನ್ನಾಗಿ ಮಾತಾಡಿದರು!" ಅದರ ಕೆಳಗೆ ಅವರು ಆಡಿದ ಮಾತನ್ನೆಲ್ಲ ಬಿಡದೆ ಬರೆದುಕೊಂಡಿದ್ದೇನೆ. ಓಡಿದ ಹುಡುಗಿಯ ಹೆಸರು ಬರೆದಿಲ್ಲ.

ಬಿ.ಎ. ತರಗತಿಗೆ ಸೇರಿದ ದಿನದಿಂದ ಇವತ್ತಿನವರೆಗೆ ದಿನಚರಿ ತಪ್ಪಿಸಿದವಳಲ್ಲ ನಾನು. ನಮ್ಮ ಮನೆಯ ಹುಟ್ಟು, ಮದುವೆ, ಕಾಯಿಲೆಗಳಿಗೆಲ್ಲ ನನ್ನ ಪುಸ್ತಕವೇ ಆಧಾರ. ಈಗ ಮೊಮ್ಮಗಳೊಬ್ಬಳು ಆಟಗಾರರ ಏಜೆಂಟ್ ಆಗುತ್ತೇನೆ ಎಂದು ಹೊರಟಿದ್ದಾಳೆ. ಆ ವೃತ್ತಿಗೆ ಹೋಗುವುದು ಹೇಗೆ ಎಂದು ಮನೆಯಲ್ಲಿ ಚರ್ಚೆ ನಡೆದಾಗ ನಾನು ಹೇಳಿದ ಕಥೆ ಇದು. ಇದರಲ್ಲಿ ತಾರೀಖುಗಳಿಲ್ಲ. ಕಥೆ ನಡೆದ ಊರಿನಲ್ಲಿ ಪಂಚಾಂಗ ನೋಡುವವರು ಯಾರೂ ಇರಲಿಲ್ಲ.

ಎರೆಮಣ್ಣಿನ ಒಂದು ದೊಡ್ಡ ಬಯಲು. ಅದರ ಒಂದು ತುದಿಯಲ್ಲಿ ಕೆರೆ, ಇನ್ನೊಂದು ತುದಿಯಲ್ಲಿ ಊರು. ಊರ ಬಾಗಿಲಲ್ಲಿ ಕಲ್ಲಿನ ಬಾನಿ. ಪ್ರಾಣಿಗಳೂ ಹಕ್ಕಿಗಳೂ ಬಾಳುತ್ತಿದ್ದ ಆ ಊರಿಗೆ ಓಟವೆಂದರೆ ಪ್ರಾಣ. ಚಳಿಗಾಲದಲ್ಲಿ ಒಂದು ಓಟ, ಮಳೆಗಾಲದಲ್ಲಿ ಒಂದು ಓಟ. ಓಡುವವರು ಕೆರೆಯಲ್ಲಿ ಒಂದು ಬಾಯಿ ನೀರು ತುಂಬಿಕೊಂಡು ಹೊರಡಬೇಕು. ದಾರಿಯಲ್ಲಿ ನುಂಗಬಾರದು, ಚೆಲ್ಲಬಾರದು. ಯಾರು ಮೊದಲು ಬಂದು ಬಾನಿಗೆ ನೀರು ಸುರಿಯುತ್ತಾರೋ ಅವರು ಗೆದ್ದಂತೆ. ಈ ಪದ್ಧತಿ ಏಕೆ ಬಂತೆಂದು ಯಾರಿಗೂ ತಿಳಿಯದು. ತಿಳಿಯದ ಕಾರಣಕ್ಕೇ ಅದನ್ನು ಮುರಿಯಲು ಯಾರಿಗೂ ಧೈರ್ಯವಿರಲಿಲ್ಲ.

ಗೆದ್ದವರು ಬಾನಿಯ ಮುಂದೆ ನಿಂತಾಗ, ನೀರು ಸುರಿಯುವ ಮೊದಲು, ಹುಲ್ಲುಗಾವಲುಗಳ ಒಡೆಯರು ಬಂದು ಅವರನ್ನು ಮುಂದಿನ ವರ್ಷಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದರು. ಯಾರ ಹೆಸರಿನಲ್ಲಿ ಓಡಬೇಕು, ಬದಲಿಗೆ ಎಲ್ಲಿ ಮೇಯಬಹುದು ಎಂಬುದೆಲ್ಲ ಆಗಲೇ ತೀರ್ಮಾನವಾಗಬೇಕು. ನೀರು ಬಾನಿಗೆ ಬಿದ್ದ ಮೇಲೆ ಮಾತು ಬದಲಿಸುವಂತಿಲ್ಲ, ಮುರಿದವರ ಬಳಗಕ್ಕೆಲ್ಲ ಊರಿನಿಂದ ಗಡಿಪಾರು. ಒಪ್ಪಿಗೆ ಇಲ್ಲದವರು ನೀರನ್ನು ನೆಲಕ್ಕೆ ಉಗುಳಬಹುದಿತ್ತು. ಆದರೆ ನೆಲಕ್ಕೆ ಉಗುಳಿದವರು ಆ ಓಟವನ್ನೂ ಸೋತಂತೆ, ಮುಂದೆಂದೂ ಓಡುವಂತಿಲ್ಲ. ಎದೆ ಒಡೆಯುವಂತೆ ಓಡಿಬಂದ ಪ್ರಾಣಿ ಬಾಯಿ ಬಿಗಿಹಿಡಿದು, ಮೂಗಿನಲ್ಲೇ ಏದುಸಿರು ಬಿಡುತ್ತಾ ಎಷ್ಟು ಹೊತ್ತು ನಿಂತೀತು? ಮೊದಲು ಕಿವಿಗೆ ಬಿದ್ದ ಮಾತಿಗೇ ತಲೆಯಾಡಿಸಿ ನೀರು ಸುರಿದುಬಿಡುತ್ತಿತ್ತು. ಹಾಗಾಗಿ ತಲೆಮಾರುಗಳಿಂದ ಆ ಊರಿನ ಅತಿ ವೇಗದ ಪ್ರಾಣಿಗಳು ಅತಿ ಒಣಗಿದ ಹುಲ್ಲು ತಿನ್ನುತ್ತಿದ್ದವು.

ಬಾನಿಯ ಪಕ್ಕದ ಬೇವಿನ ಮರದ ಪೊಟರೆಯಲ್ಲಿ ಒಂದು ಗೊರವಂಕ ಇತ್ತು. ಹೆಣ್ಣು ಹಕ್ಕಿ, ಹಳದಿ ಕೊಕ್ಕು, ಯಾರ ಮುಂದೆಯೂ ಅಳುಕದ ಗಂಟಲು. ಒಂದು ವರ್ಷ ಅದು ಮೊಲವೊಂದು ಗೆದ್ದು ಬಂದು ನಿಂತದ್ದನ್ನು ನೋಡಿತು. ಒಡೆಯರಲ್ಲೆಲ್ಲ ದೊಡ್ಡವನಾದ ಕರಡಿ, "ವರ್ಷವಿಡೀ ನಿನಗೆ ಹುಲ್ಲು" ಎಂದಿತು. ಮೊಲ ತಲೆಯಾಡಿಸಿತು. ಯಾವ ವರ್ಷ ಕೊಯ್ದ ಹುಲ್ಲು ಎಂದು ಕೇಳಲು ಅದರ ಬಾಯಿಗೆ ಬಿಡುವಿರಲಿಲ್ಲ. ಆ ಒಂದು ಪ್ರಶ್ನೆ ಗೊರವಂಕದ ಗಂಟಲಿನವರೆಗೆ ಬಂದು ನಿಂತಿತು.

ಮರುದಿನವೇ ಅದು ಕಟ್ಟಳೆಗಳನ್ನೆಲ್ಲ ಬಾಯಿಪಾಠ ಇಟ್ಟಿದ್ದ ಆಮೆಯ ಬಳಿಗೆ ಹೋಯಿತು.

"ಅಜ್ಜಾ, ಗೆದ್ದವರ ಪರವಾಗಿ ಬೇರೆಯವರು ಮಾತಾಡಬಾರದು ಅಂತ ಕಟ್ಟಳೆ ಇದೆಯಾ?"

"ಇಲ್ಲ."

"ಮಾತಾಡಬಹುದು ಅಂತ?"

"ಅದೂ ಇಲ್ಲ. ಇನ್ನೂರು ವರ್ಷದಿಂದ ಕೂತಿದ್ದೀನಿ, ಯಾರೂ ಕೇಳಿಲ್ಲ." ಆಮೆ ಕತ್ತನ್ನು ಇನ್ನಷ್ಟು ಹೊರಗೆ ಚಾಚಿತು. "ನಿನಗೆ ಓಡೋಕೆ ಬರುತ್ತಾ?"

"ಓಡೋದಿರಲಿ, ನೆಟ್ಟಗೆ ನಡೆಯೋಕೂ ಬರಲ್ಲ. ಕುಪ್ಪಳಿಸ್ತೀನಿ."

"ಹಾಗಾದರೆ ಓಟದ ವಿಷಯದಲ್ಲಿ ನಿನ್ನದೇನು ಕೆಲಸ?"

"ಓಟದ್ದು ಅವರು ನೋಡಿಕೊಳ್ತಾರೆ ಅಜ್ಜಾ. ಓಟ ನಿಂತ ಮೇಲಿನದ್ದು ನನ್ನದು."

ಆಮೆಗೆ ಈ ಉತ್ತರ ಹಿಡಿಸಿತು. ಆದರೂ ಮೂರು ತಿಂಗಳು ಕೂರಿಸಿಕೊಂಡು ತೊಂಬತ್ತೊಂದು ಕಟ್ಟಳೆಗಳನ್ನೂ ಕಲಿಸಿಯೇ ಬಿಟ್ಟಿತು. ಬಿಡುವಾಗ ಹೇಳಿತು: "ಕಟ್ಟಳೆ ಗೊತ್ತಾದರೆ ಅರ್ಧ ಕೆಲಸ. ಉಳಿದರ್ಧ ಆ ಪ್ರಾಣಿಯ ಮನಸ್ಸು. ಅದನ್ನ ಬಾನಿಯ ಹತ್ತಿರ ನಿಂತು ಕಲಿಯೋಕಾಗಲ್ಲ. ಬಯಲಿಗೆ ಹೋಗು."

ಹೆಸರಾದ ಓಟಗಾರರು ಯಾರೂ ಗೊರವಂಕವನ್ನು ಹತ್ತಿರ ಸೇರಿಸಲಿಲ್ಲ. ಒಂದು ಕುದುರೆಯಂತೂ, "ನನ್ನ ಬೆನ್ನ ಮೇಲೆ ಸವಾರಿ ಮಾಡೋಕೆ ಇನ್ನೊಬ್ಬರು ಬೇರೆ ಬೇಕಾ?" ಎಂದು ಬಾಲದಿಂದ ಒದರಿಹಾಕಿತು. ಕೊನೆಗೆ ಸಿಕ್ಕಿದ್ದು ಒಂದು ಚಿಗರಿ. ಬಯಲಿನ ಜಿಂಕೆ, ಹೆಣ್ಣು, ಪ್ರಾಯ ಚಿಕ್ಕದು. ಮರಿಯಾಗಿದ್ದಾಗ ಕೆಸರಿನಲ್ಲಿ ಸಿಕ್ಕಿಕೊಂಡು ಅದರ ಎಡ ಹಿಂಗಾಲಿಗೆ ಪೆಟ್ಟಾಗಿತ್ತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗೊರವಂಕ ಮಾತ್ರ ಅದು ಒಂಟಿಯಾಗಿ ಓಡುವುದನ್ನು ಒಂದು ಬೆಳಿಗ್ಗೆ ನೋಡಿ, ಕೊಕ್ಕಿನಲ್ಲಿದ್ದ ಮಿಡತೆಯನ್ನು ನುಂಗಲು ಮರೆತು ಕೂತಿತು. ಚಿಗರಿ ನೆಲವನ್ನು ತುಳಿಯುತ್ತಿರಲಿಲ್ಲ. ನೆಲವೇ ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಿದ್ದಂತೆ ಇತ್ತು.

"ನಿನ್ನ ಪರವಾಗಿ ನಾನು ಮಾತಾಡ್ತೀನಿ" ಎಂದಿತು ಗೊರವಂಕ.

"ಬದಲಿಗೆ ನಿನಗೇನು?"

"ನೀನು ಮೇಯುವಾಗ ಹುಲ್ಲಿನಿಂದ ಏಳುವ ಮಿಡತೆಗಳಲ್ಲಿ ಹತ್ತಕ್ಕೊಂದು."

ಚಿಗರಿ ನಕ್ಕಿತು. "ಎಲ್ಲಾನೂ ತಿನ್ನು ಹಕ್ಕೀ, ನಾನೇನು ಮಿಡತೆ ತಿನ್ನಲ್ಲ. ಆದರೆ ಒಂದು ಮಾತು. ಮಳೆಗಾಲದ ಓಟ ಮಾತ್ರ ನಾನು ಓಡಲ್ಲ. ಎರೆಮಣ್ಣು ನೆನೆದರೆ ಗೊರಸಿಗೆ ಮೆತ್ತಿಕೊಂಡು ಕಾಲನ್ನ ಕೆಳಕ್ಕೆ ಎಳೆಯುತ್ತೆ. ಈ ಕಾಲು ಇನ್ನೊಂದು ಸಲ ಸಿಕ್ಕಿಕೊಂಡರೆ ಮುರಿದೇ ಹೋಗುತ್ತೆ. ಉಳಿದದ್ದೆಲ್ಲ ನಿನ್ನಿಷ್ಟ."

"ಮಳೆಯಲ್ಲಿ ಓಡಲ್ಲ. ಆಯಿತು."

ಆ ವರ್ಷವೆಲ್ಲ ಗೊರವಂಕ ಬಯಲಿನಲ್ಲೇ ಕಳೆಯಿತು. ಚಿಗರಿಯ ಎರಡು ಕಿವಿಗಳ ನಡುವೆ ಹಣೆಯ ಮೇಲೆ ಕೂತು ಅದರ ಮೈಯನ್ನು ಓದಲು ಕಲಿಯಿತು. ಬಲಗಿವಿ ಹಿಂದಕ್ಕೆ ಬಾಗಿದರೆ ಬಾಯಾರಿಕೆ. ಕುತ್ತಿಗೆಯ ರೋಮ ಎದ್ದರೆ ಹೆದರಿಕೆ. ಸುಸ್ತಿನ ನಡುಕ ಕಾಲಿನಿಂದ ಮೇಲಕ್ಕೆ ಹತ್ತಿ ಬರುತ್ತದೆ, ಬೇಡ ಎನ್ನುವುದು ಕುತ್ತಿಗೆಯಿಂದ ಕೆಳಕ್ಕೆ ಇಳಿಯುತ್ತದೆ. ದೂರದಿಂದ ನೋಡುವವರಿಗೆ ಎರಡೂ ಒಂದೇ. ಹಣೆಯ ಮೇಲೆ ಕೂತವರಿಗೆ ಅಲ್ಲ.

ಚಳಿಗಾಲದ ಓಟದ ದಿನ ಊರಿಗೆ ಊರೇ ಬಾನಿಯ ಬಳಿ ನೆರೆದಿತ್ತು. ಬಯಲಿನ ಅಂಚಿನಲ್ಲಿ ಧೂಳು ಎದ್ದಿತು. ಧೂಳಿಗಿಂತ ಬಹಳ ಮುಂದೆ, ಅದಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ, ಒಂದು ಕಂದು ಗೆರೆ ಹತ್ತಿರವಾಗುತ್ತಿತ್ತು. ಚಿಗರಿ ಬಂದು ಬಾನಿಯ ಮುಂದೆ ನಿಂತಾಗಲೂ ಯಾರೂ ಕೂಗಲಿಲ್ಲ. ಇಷ್ಟು ದಿನ ತಾವು ನೋಡಿದ್ದನ್ನೇ ಓಟ ಎಂದುಕೊಂಡಿದ್ದಕ್ಕೆ ನಾಚಿಕೊಂಡವರಂತೆ ನಿಂತಿದ್ದರು.

ಕರಡಿ ಮುಂದೆ ಬಂದಿತು. "ವರ್ಷವಿಡೀ ಹುಲ್ಲು."

"ಯಾವ ವರ್ಷ ಕೊಯ್ದದ್ದು, ಒಡೆಯರೇ?" ಎಂದಿತು ಚಿಗರಿಯ ಹಣೆಯ ಮೇಲಿದ್ದ ಗೊರವಂಕ.

ಕರಡಿ ಸುತ್ತಲೂ ನೋಡಿತು. "ಯಾರದು? ಓಡಿದ್ದು ಯಾರು, ಮಾತಾಡ್ತಿರೋದು ಯಾರು?"

"ಅವಳ ಬಾಯಿ ತುಂಬಿದೆ, ನನ್ನದು ಖಾಲಿ ಇದೆ. ಕಟ್ಟಳೆಯಲ್ಲಿ ಇದು ಬೇಡ ಅಂತಿಲ್ಲ. ಅಜ್ಜನನ್ನ ಕೇಳಿ."

ಆಮೆ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿತು. ಆ ದಿನ ಗೊರವಂಕ ಚಿಗರಿಯ ಇಡೀ ಬಳಗಕ್ಕೆ ಹಸಿ ಹುಲ್ಲಿನ ಜಾಗ ಕೇಳಿ ಪಡೆಯಿತು, ನೆಕ್ಕಲು ಉಪ್ಪಿನ ಬಂಡೆ ಪಡೆಯಿತು, ಮಳೆಗಾಲದ ಓಟ ಇಲ್ಲ ಎಂದು ಎಲ್ಲರ ಮುಂದೆ ಹೇಳಿಸಿತು. ಪ್ರತಿ ಮಾತಿಗೂ ಮೊದಲು ತನ್ನ ಕಾಲಡಿಯ ಹಣೆ ಏನು ಹೇಳುತ್ತಿದೆ ಎಂದು ಗಮನಿಸಿತು. ಗುಂಪಿನ ಮುಂದೆ ನಿಂತಿದ್ದ ಕತ್ತೆ ಬಾಯಿ ಮುಚ್ಚುವುದನ್ನೇ ಮರೆತು, "ಅಯ್ಯೋ ದೇವರೇ, ಕೇಳಿದರೆ ಕೊಡ್ತಾರಾ!" ಎಂದಿತು. ಆ ಊರಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ವರ್ಷವೂ ಚಿಗರಿ ಗೆದ್ದಿತು. ಮಾತುಕತೆ ಮೊದಲ ವರ್ಷದ ಎರಡರಷ್ಟು ಹೊತ್ತು ನಡೆಯಿತು. ಮೂರನೆಯ ವರ್ಷ ಬಾನಿಯ ನೆರಳು ಒಂದು ಮೊಳ ಸರಿಯುವವರೆಗೆ ನಡೆಯಿತು, ಅಷ್ಟು ಹೊತ್ತೂ ಚಿಗರಿ ಬಾಯಲ್ಲಿ ನೀರು ಹಿಡಿದು ನಿಂತಿತ್ತು. ಗೊರವಂಕ ಒಂದು ಮಾತನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ಒಡೆಯರ ಮುಂದೆ ಇಡುತ್ತಿದ್ದ ರೀತಿಗೆ ಮುದುಕರು ಕಣ್ಣೀರು ತಂದುಕೊಂಡರು. ಓಟ ಮುಗಿದ ಮೇಲೆ ಬರುವವರ ಸಂಖ್ಯೆ ಹೆಚ್ಚಾಯಿತು. "ಓಟ ಯಾವಾಗಲೂ ಇದ್ದದ್ದೇ, ಮಾತು ಶುರುವಾಗೋ ಹೊತ್ತಿಗೆ ಎಬ್ಬಿಸು" ಎಂದು ಕತ್ತೆ ಹೆಂಡತಿಗೆ ಹೇಳಿ ಮಲಗುತ್ತಿತ್ತು. ಹಿಂದೆ ಇರುವವರಿಗೂ ಕಾಣಲಿ ಎಂದು ಗೊರವಂಕಕ್ಕೆ ಬಾನಿಯ ಅಂಚಿನ ಮೇಲೆ ಜಾಗ ಮಾಡಿಕೊಟ್ಟರು. ಅದು ಚಿಗರಿಯ ಹಣೆಯಿಂದ ಇಳಿದು ಅಲ್ಲಿ ಕೂತಿತು.

ಒದರಿಹಾಕಿದ್ದ ಕುದುರೆಯೂ ಮೊಲಗಳೂ ತಾವಾಗಿ ಬಂದು ಸಾಲು ನಿಂತವು. ನಲವತ್ತು ಪ್ರಾಣಿಗಳ ಪರವಾಗಿ ಮಾತಾಡುವ ಹಕ್ಕಿಗೆ ಒಂದು ಚಿಗರಿಯ ಜೊತೆ ಬೆಳಗಿನ ಬಯಲಿಗೆ ಹೋಗಲು ಪುರುಸೊತ್ತು ಎಲ್ಲಿಂದ ಬರಬೇಕು? "ಹೇಗಿದ್ದೀಯ?" ಎಂದು ಮರದಿಂದಲೇ ಕೇಳುತ್ತಿತ್ತು. "ಇದ್ದೀನಿ" ಎನ್ನುತ್ತಿತ್ತು ಚಿಗರಿ.

ನಾಲ್ಕನೆಯ ವರ್ಷ ಕರಡಿ ತನ್ನ ಲೆಕ್ಕಾಚಾರ ಮಾಡಿಕೊಂಡೇ ಬಂದಿತ್ತು. ಮಳೆಗಾಲದ ಓಟದಲ್ಲಿ ಬಾನಿಯವರೆಗೆ ನೀರು ಮುಟ್ಟಿಸಿದವರು ಅದುವರೆಗೆ ಯಾರೂ ಇರಲಿಲ್ಲ. ತನ್ನ ಹೆಸರಿನಲ್ಲಿ ಓಡಿದವರು ಅದನ್ನು ಮಾಡಿದರೆ ಕರಡಿಯ ಹೆಸರು ಬೆಟ್ಟದಾಚೆಗೂ ಹೋಗುತ್ತಿತ್ತು.

"ಒಂದೇ ಒಂದು ಮಳೆ ಓಟ" ಎಂದಿತು. "ಬದಲಿಗೆ ಏನು ಬೇಕೋ ಕೇಳು. ಇವತ್ತು ನಾನು ಇಲ್ಲ ಅನ್ನಲ್ಲ."

ಗೊರವಂಕಕ್ಕೆ ಚಿಗರಿಯ ಷರತ್ತು ನೆನಪಿತ್ತು. ಆದರೆ ಏನು ಬೇಕಾದರೂ ಕೇಳು ಎಂದು ಒಬ್ಬ ಒಡೆಯನ ಬಾಯಲ್ಲಿ ಬಂದದ್ದು ಆ ಊರಿನ ನೆನಪಿನಲ್ಲೇ ಮೊದಲು. ಅದು ಎದೆ ಉಬ್ಬಿಸಿ ಹೇಳಿತು:

"ಬೆಟ್ಟದಾಚೆ ಹೊಳೆಯ ಉತ್ತರ ದಂಡೆ. ಚಿಗರಿಯ ಬಳಗಕ್ಕೆ ಮಾತ್ರ ಅಲ್ಲ. ಗೊರಸಿರೋ ಎಲ್ಲರಿಗೂ. ಒಂದು ವರ್ಷಕ್ಕಲ್ಲ, ಎಂದೆಂದಿಗೂ. ಓಡಲಿ, ಓಡದೆ ಇರಲಿ."

ಬೇಸಗೆಯಲ್ಲೂ ಹಸಿರು ಬಾಡದ ನೆಲ ಅದು. ಅದರ ಹೆಸರೆತ್ತಲು ಕೂಡ ಯಾರೂ ಧೈರ್ಯ ಮಾಡಿರಲಿಲ್ಲ. ಕರಡಿಯ ಮುಖ ಕಪ್ಪಿಟ್ಟಿತು, ಆದರೆ ಆಡಿದ ಮಾತಿಗೆ ಇಡೀ ಊರು ಸಾಕ್ಷಿಯಾಗಿತ್ತು. "ಕೊಟ್ಟೆ" ಎಂದಿತು. "ಈಗ ನೀನು ಹೇಳು."

ಗೊರವಂಕ ಚಿಗರಿಯತ್ತ ತಿರುಗಿ ನೋಡಿತು. ಚಿಗರಿಯ ತಲೆ ಅಲುಗಿತು. ನಡುಕವೋ, ಬೇಡವೋ? ಬಾನಿಯ ಅಂಚಿನಿಂದ ಎರಡೂ ಒಂದೇ ಆಗಿ ಕಂಡವು. ಬಹಳ ಹೊತ್ತಾಯಿತು, ಪಾಪ ಸುಸ್ತಾಗಿದೆ ಎಂದುಕೊಂಡಿತು ಗೊರವಂಕ. ಎಲ್ಲರೂ ಕಾಯುತ್ತಿದ್ದರು.

"ಒಪ್ಪಿದೆವು."

ಅಂಥ ಕೂಗು ಆ ಬಯಲು ಎಂದೂ ಕೇಳಿರಲಿಲ್ಲ. ಚಿಗರಿ ಒಂದು ಕ್ಷಣ ನೆಲವನ್ನು ನೋಡಿತು, ಆಮೇಲೆ ಬಾನಿಯನ್ನು ನೋಡಿತು. ಬಾನಿಗೆ ನೀರು ಸುರಿಯಿತು.

ಜನ ಕರಗಿದ ಮೇಲೆ ಗೊರವಂಕ ಹಾರಿ ಬಂದು ಎಷ್ಟೋ ದಿನಗಳ ಮೇಲೆ ಅದರ ಹಣೆಯ ಮೇಲೆ ಕೂತಿತು. ಕೂತ ಕೂಡಲೇ ಅದಕ್ಕೆ ತಿಳಿಯಿತು. ಕುತ್ತಿಗೆಯಿಂದ ಕೆಳಕ್ಕೆ ಇಳಿಯುತ್ತಿದ್ದದ್ದು ಇನ್ನೂ ನಿಂತಿರಲಿಲ್ಲ.

"ಬೇಡ ಅಂದೆಯಾ?"

"ಅಂದೆ."

"ಸುಸ್ತು ಅಂದುಕೊಂಡೆ."

"ಮೊದಲನೇ ವರ್ಷ ಆಗಿದ್ದರೆ ನೀನು ಹಾಗೆ ಅಂದುಕೊಳ್ತಿರಲಿಲ್ಲ."

"ನೆಲಕ್ಕೆ ಉಗುಳಬಹುದಿತ್ತಲ್ಲ ಚಿಗರೀ. ಓಟ ಹೋದರೂ ಕಾಲು ಉಳೀತಿತ್ತು."

"ಉಗುಳಬೇಕು ಅಂತಲೇ ಇದ್ದೆ." ಚಿಗರಿ ಎಡಗಾಲನ್ನು ಎತ್ತಿ ನಿಧಾನವಾಗಿ ಇಟ್ಟಿತು. "ಆದರೆ ನೀನು ಹೊಳೆ ದಂಡೆ ಅಂದೆಯಲ್ಲ, ಗೊರಸಿರೋ ಎಲ್ಲರಿಗೂ ಅಂದೆಯಲ್ಲ, ಅದನ್ನ ಎಷ್ಟು ಚೆನ್ನಾಗಿ ಹೇಳಿದೆ ಹಕ್ಕೀ! ನಾನೂ ಎಲ್ಲರ ಹಾಗೆ ಕೇಳ್ತಾ ನಿಂತುಬಿಟ್ಟೆ."

ಗೊರವಂಕ ಆಮೆಯ ಬಳಿಗೆ ಹೋಯಿತು.

"ಅಜ್ಜಾ, ಆಡಿದ ಮಾತು ಹಿಂದಕ್ಕೆ ತಗೋಬೇಕು."

"ನೀರು ಸುರಿದ ಮೇಲೆ ಓಡುವವರ ಮಾತು ನಡೆಯಲ್ಲ" ಎಂದಿತು ಆಮೆ. "ನಿನ್ನದು ಒಂದೇ ಒಂದು ಸಲ ನಡೆಯುತ್ತೆ. ತೊಂಬತ್ತೆರಡನೆಯದು, ನೀನು ಮಾತಾಡೋಕೆ ಶುರು ಮಾಡಿದ ಮೇಲೆ ಊರು ಸೇರಿಸಿದ್ದು, ಮರೆತೆಯಾ? 'ಇವಳ ಮನಸ್ಸು ತಿಳಿಯದೆ ಮಾತಾಡಿದೆ' ಅಂತ ಸಭೆಯ ಮುಂದೆ ಹೇಳಬೇಕು. ನಂಬಿದವರು ನಿನಗೆ ಬೆನ್ನು ತಿರುಗಿಸ್ತಾರೆ. ಅರ್ಧಕ್ಕಿಂತ ಹೆಚ್ಚು ಬೆನ್ನು ತಿರುಗಿದರೆ ಮಾತು ರದ್ದು. ಆದರೆ ಆಮೇಲೆ ನೀನು ಯಾರ ಪರವಾಗಿಯೂ ಬಾಯಿ ತೆರೆಯೋ ಹಾಗಿಲ್ಲ. ಈ ಜನ್ಮಕ್ಕೆ ಮುಗೀತು."

"ಹೇಳ್ತೀನಿ."

"ನಲವತ್ತು ಪ್ರಾಣಿ ನಿನ್ನ ಬಾಯಿ ನಂಬಿಕೊಂಡಿವೆ. ಹೊಳೆ ದಂಡೆಯೂ ಹೋಗುತ್ತೆ. ಯೋಚನೆ ಮಾಡಿದ್ದೀಯಾ?"

"ಮಾಡಿದ್ದೀನಿ ಅಜ್ಜಾ. ಅವಳ ಕಾಲು ಅವಳದು."

ಮಳೆಗಾಲದ ಓಟದ ದಿನ ಬೆಳಿಗ್ಗೆ, ಓಡುವವರು ಕೆರೆಯತ್ತ ಹೊರಡುವ ಮೊದಲು, ಗೊರವಂಕ ಸಭೆ ಸೇರಿಸಿ ಬಾನಿಯ ಅಂಚಿನ ಮೇಲೆ ಕೂತಿತು. ಸಣ್ಣಗೆ ಮಳೆ ಬೀಳುತ್ತಿತ್ತು. ಯಾವ ಅಲಂಕಾರವೂ ಇಲ್ಲದೆ ಹೇಳಬೇಕೆಂದು ಅದು ನಿಶ್ಚಯಿಸಿಕೊಂಡಿತ್ತು. ಆದರೆ ನಾಲ್ಕು ವರ್ಷ ಪಳಗಿದ ಗಂಟಲು ತನ್ನ ದಾರಿಯನ್ನು ತಾನೇ ಹಿಡಿಯಿತು. ಹಣೆಯ ಮೇಲೆ ಕೂತು ಕಲಿತದ್ದನ್ನು ಹೇಳಿತು. ಹಣೆಯಿಂದ ಇಳಿದದ್ದನ್ನು ಹೇಳಿತು. ಇಳಿದ ದಿನ ತನಗೆ ಆದ ಸಂತೋಷವನ್ನೂ ಮುಚ್ಚಿಡಲಿಲ್ಲ. ಕೊನೆಗೆ, "ಇವಳ ಮನಸ್ಸು ತಿಳಿಯದೆ ಮಾತಾಡಿದೆ" ಎಂದಾಗ ಅದರ ಧ್ವನಿ ಒಡೆಯಿತು. ಒಡೆದ ಧ್ವನಿ ಇನ್ನೂ ಚೆನ್ನಾಗಿತ್ತು.

ಆಮೇಲೆ ಕತ್ತೆ ಗೊರಸಿನಿಂದ ನೆಲ ಬಡಿಯಿತು. "ಅಬ್ಬಬ್ಬಾ! ತಪ್ಪು ಒಪ್ಪಿಕೊಳ್ಳೋದನ್ನೂ ಹೀಗೆ ಒಪ್ಪಿಕೊಳ್ಳೋರನ್ನ ನಾನು ಕಂಡಿಲ್ಲ. ಇಷ್ಟು ತಿಳಿದವಳಿಗೆ ಚಿಗರಿಯ ಮನಸ್ಸು ತಿಳಿದಿಲ್ಲವಂತೆ! ಯಾರು ನಂಬ್ತಾರೆ?"

"ಯಾರು ನಂಬ್ತಾರೆ!" ಎಂದಿತು ಸಭೆ. ಕರಡಿಯ ಕಣ್ಣಲ್ಲೂ ನೀರಾಡಿತು. ಎಲ್ಲರೂ ಗೊರವಂಕದತ್ತ ಮುಖ ಮಾಡಿ, ಕಣ್ಣು ಕೀಳದೆ ನಿಂತಿದ್ದರು. ಆಮೆ ತಿರುಗಿದ ಬೆನ್ನುಗಳನ್ನು ಎಣಿಸಲು ಹೊರಟಿತು. ಒಂದೇ ಒಂದಿತ್ತು. ಅದು ಚಿಗರಿಯದು. ಆ ಬೆನ್ನು ಆಗಲೇ ಕೆರೆಯ ಕಡೆಗೆ ನಡೆಯುತ್ತಿತ್ತು.

ಆ ಓಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಮಳೆಯ ಪರದೆ ಎಷ್ಟು ದಟ್ಟವಾಗಿತ್ತೆಂದರೆ ಏನಾಗುತ್ತಿದೆ ಎಂದು ಹೇಳುವಂತೆ ಎಲ್ಲರೂ ಗೊರವಂಕವನ್ನು ಬೇಡಿಕೊಂಡರು. ಗೊರವಂಕ ಬಾಯಿ ತೆರೆಯಲಿಲ್ಲ. ಅದರ ಮೌನಕ್ಕೂ ಜನ ತಲೆದೂಗಿದರು. ಬಯಲಿನಲ್ಲಿ ಒಂದೊಂದೇ ಪ್ರಾಣಿ ನಿಂತಿತು, ಬಿದ್ದಿತು, ನೀರು ಚೆಲ್ಲಿ ಹಿಂದಿರುಗಿತು. ಚಿಗರಿಯ ಗೊರಸುಗಳಿಗೆ ಮಣ್ಣು ಹತ್ತಿ ಪ್ರತಿ ಹೆಜ್ಜೆಗೂ ಒಂದೊಂದು ಕಾಲು ಒಂದೊಂದು ಬಂಡೆಯಾಯಿತು. ಅದು ಆ ಬಂಡೆಗಳನ್ನೂ ಎತ್ತಿಕೊಂಡು ಹಾರಿತು. ಬಾನಿಗೆ ಇನ್ನೂರು ಹೆಜ್ಜೆ ಇರುವಾಗ ಕೆಸರಿನೊಳಗಿಂದ ಒಣಕಟ್ಟಿಗೆ ಮುರಿದಂಥ ಒಂದು ಶಬ್ದ ಬಂತು. ಆಮೇಲಿನ ಇನ್ನೂರು ಹೆಜ್ಜೆಗಳನ್ನು ಅದು ಮೂರು ಕಾಲಿನಲ್ಲಿ ಬಂದಿತು. ಬಾನಿಯ ಅಂಚಿಗೆ ಗದ್ದವಿಟ್ಟು ಬಾಯಿ ತೆರೆಯಿತು. ಒಂದು ಹನಿಯೂ ಕಡಿಮೆ ಇರಲಿಲ್ಲ.

ಕೊನೆಗೆ ಉಳಿದದ್ದು ಇಷ್ಟು. ಚಿಗರಿಯ ಎಡ ಹಿಂಗಾಲು ಎರಡು ಕಡೆ ಮುರಿದು, ಓರೆಯಾಗಿ ಕೂಡಿಕೊಂಡಿತು. ಅದು ಮತ್ತೆ ಓಡಲಿಲ್ಲ. ಗೊರವಂಕ ಇನ್ನೂ ಒಂಬತ್ತು ವರ್ಷ ಮಾತಾಡಿತು, ಬಾನಿಯ ಅಂಚಿನ ಮೇಲೆ ಮತ್ತೆ ಕೂರಲಿಲ್ಲ, ಮಿಡತೆಯ ಪಾಲನ್ನು ಯಾರಿಂದಲೂ ಕೇಳಲಿಲ್ಲ. ಹೊಳೆಯ ಉತ್ತರ ದಂಡೆ ಗೊರಸಿರುವ ಎಲ್ಲರದ್ದಾಯಿತು, ಇಂದಿಗೂ ಅವರದೇ. ಬೇಸಗೆಯಲ್ಲಿ ಊರಿಗೆ ಊರೇ ಅಲ್ಲಿಗೆ ಹೋಗುತ್ತದೆ. ಬೆಟ್ಟ ಹತ್ತಿ ಇಳಿದು, ನಾಲ್ಕು ಕಾಲಿನಲ್ಲಿ ಒಂದೂವರೆ ದಿನದ ನಡಿಗೆ. ಚಿಗರಿ ಎರಡು ಸಲ ಹೊರಟಿತ್ತು. ಎರಡು ಸಲವೂ ಬೆಟ್ಟದ ಬುಡದಿಂದ ಹಿಂದಿರುಗಿತು.